ಸಹಾಯ ಬೇಕು: ಕಬ್ಬು ಕಡಿಯಲು ಬಂದವರಿಗೆ ಒಂದೇ ಕಡೆ ಎಲ್ಲ ಸೌಲಭ್ಯ

ಎಲ್ಲರಿಗೂ ನಮಸ್ಕಾರ. ನಾನು ಮುಧೋಳ ಕಡೆಯವನು. ಕಬ್ಬಿನ ಸೀಸನ್ ಬಂತೆಂದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಗ್ಯಾಂಗ್‌ಗಳು ಬಂದು ಹೊಲದ ಪಕ್ಕದಲ್ಲೇ ಗುಡಿಸಲು ಹಾಕುತ್ತವೆ. ಗಂಡ ಹೆಂಡತಿ ಇಬ್ಬರೂ ಕತ್ತಲಲ್ಲೇ ಕಡಿಯಲು ಹೋಗುತ್ತಾರೆ. ಮಕ್ಕಳು ಗುಡಿಸಲಲ್ಲೇ.

ಕಾಗದದ ಮೇಲೆ ಎಲ್ಲವೂ ಇದೆ. 'ಒಂದು ದೇಶ ಒಂದು ಪಡಿತರ ಚೀಟಿ'ಯಲ್ಲಿ ಅವರ ಪಾಲಿನ ಧಾನ್ಯವನ್ನು ಇಲ್ಲೇ ಪಡೆಯಬಹುದು, ಊರಲ್ಲಿರುವ ಅಜ್ಜ ಅಜ್ಜಿ ಉಳಿದದ್ದನ್ನು ಅಲ್ಲಿ ತಗೋಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡವಾಯಿತೆಂದು ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಆದರೆ ರೇಷನ್ ಒಬ್ಬರದು, ಲಸಿಕೆ ಇನ್ನೊಬ್ಬರದು, ಅಂಗನವಾಡಿ ಮತ್ತೊಬ್ಬರದು. ಒಂದು ದಿನದ ಕೂಲಿ ಬಿಟ್ಟು ಅಲೆಯುವವರು ಯಾರು?

ಪಿಡಿಒ, ಆಶಾ, ಅಂಗನವಾಡಿ ಕಾರ್ಯಕರ್ತೆ, ಹೆಡ್‌ಮಾಸ್ಟರ್, ರೇಷನ್ ಅಂಗಡಿಯವರನ್ನು ಒಟ್ಟಿಗೆ ಗುಡಿಸಲುಗಳ ಹತ್ತಿರ ಕರೆತಂದ ಅನುಭವ ಯಾರಿಗಾದರೂ ಇದೆಯಾ? ಅರ್ಜಿ ಯಾರಿಗೆ ಕೊಟ್ಟಿರಿ, ತಾಲ್ಲೂಕು ಪಂಚಾಯಿತಿಗಾ, ತಹಶೀಲ್ದಾರರಿಗಾ? ಸಂಜೆ ಹೊತ್ತೇ ಆಗಬೇಕು, ಹಗಲು ಶಿಬಿರ ಇಟ್ಟರೆ ಸುಮ್ನೆ ಖಾಲಿ ಕುರ್ಚಿ. ಮೊದಲು ಗ್ಯಾಂಗಿನ ಮುಕಾದಮನನ್ನು (ಕೂಲಿಯವರನ್ನು ಕರೆತರುವ ಮೇಸ್ತ್ರಿ) ಒಪ್ಪಿಸಬೇಕು ಅನ್ನಿಸುತ್ತದೆ, ಅಲ್ವಾ?

ಮರಾಠಿ ಬರುವವರು ಒಂದಿಬ್ಬರು ಜೊತೆಗೆ ಬಂದರೆ ದೊಡ್ಡ ಉಪಕಾರ. ಬಸುರಿಯರ ವಿಷಯ ಮಾತಾಡಲು ಹೆಣ್ಣುಮಕ್ಕಳೇ ಬೇಕು. ಕಾಮೆಂಟಲ್ಲಿ ತಿಳಿಸಿ.