ಸಿಂಗಪುರದ ಪ್ರಾನ್ ಮೀ: ಸೂಪೋ, ಡ್ರೈಯೋ? 10 ಡಾಲರಿನದು ಬೇಕೇ?

ಟೋವಾ ಪಾಯೋ ಹೊಸಬ:
ಇತ್ತೀಚೆಗೆ ಟೋವಾ ಪಾಯೋಗೆ ಮನೆ ಬದಲಾಯಿಸಿದ್ದೇವೆ. ಎದುರಿನ ಹಾಕರ್ ಸೆಂಟರಿನಲ್ಲಿ (ಒಂದೇ ಸೂರಿನಡಿ ಹಲವು ತಿಂಡಿ ಅಂಗಡಿಗಳಿರುವ ಜಾಗ) ಒಂದು ಪ್ರಾನ್ ಮೀ, ಅಂದರೆ ಸಿಗಡಿ ನೂಡಲ್ಸ್ ಅಂಗಡಿ ಇದೆ, ಅದರ ಮುಂದೆ ಸಾಲು ಕರಗುವುದೇ ಇಲ್ಲ. ಫಲಕದಲ್ಲಿ ಒಂದೇ ತಿಂಡಿಗೆ 5, 6, 8 ಡಾಲರ್ ಎಂದು ಬರೆದು, ದೊಡ್ಡ ಸಿಗಡಿಯದಕ್ಕೆ 10 ಎಂದು ಹಾಕಿದ್ದಾರೆ. ಸರದಿ ಬಂದ ಕೂಡಲೇ ಆಂಟಿ ಪಟಪಟನೆ ನಾಲ್ಕು ಪ್ರಶ್ನೆ ಕೇಳುತ್ತಾರೆ, ನಾನು ಎಲ್ಲದಕ್ಕೂ ತಲೆಯಾಡಿಸುತ್ತೇನೆ. 10 ಡಾಲರಿನದು ನಿಜಕ್ಕೂ ಮೇಲೇ? ಇನ್ನೊಂದು ವಿಷಯ, ನನ್ನ ಹೆಂಡತಿ ಸಿಗಡಿ ತಿನ್ನುತ್ತಾಳೆ, ಹಂದಿಮಾಂಸ ಮುಟ್ಟುವುದಿಲ್ಲ. "ಹಂದಿ ಬೇಡ" ಎಂದು ಹೇಳಿದರೆ ಸಾಕೇ?

ಬೆಡೋಕ್ ನಿವಾಸಿ:
ಮೊದಲು ನಿಮ್ಮ ಮನೆಯವರ ಪ್ರಶ್ನೆ. ಸಾಕಾಗುವುದಿಲ್ಲ. ಮೇಲಿಟ್ಟ ಮಾಂಸದ ಹೋಳುಗಳನ್ನು ಬಿಡಿಸಬಹುದು, ಸಾರಿನೊಳಗೆ ಇಳಿದದ್ದನ್ನು ಬಿಡಿಸುವುದು ಹೇಗೆ? ಚೀನೀಯರ ಅಂಗಡಿಯಲ್ಲಿ ಸಾರಿಗೆ ಸಿಗಡಿ ತಲೆ ಎಷ್ಟು ಮುಖ್ಯವೋ ಹಂದಿ ಮೂಳೆಯೂ ಅಷ್ಟೇ ಮುಖ್ಯ. ಮೇಲೆ ಉದುರಿಸುವ ಗರಿಗರಿ ಚೂರುಗಳೂ ಬ್ರೆಡ್ಡಿನವಲ್ಲ, ಹಂದಿ ಕೊಬ್ಬನ್ನು ಹುರಿದವು. ಅವರಿಗೆ ಹಲಾಲ್ ಪ್ರಮಾಣಪತ್ರ ತೂಗುಹಾಕಿದ ಅಂಗಡಿಯನ್ನೇ ಹುಡುಕಿ. ರುಚಿ ಬೇರೆ ಇರುತ್ತದೆ, ಕಡಿಮೆ ಎನ್ನಲಾರೆ.

ಇನ್ನು 10 ಡಾಲರ್. ಉಳಿಸಿಕೊಳ್ಳಿ ಎಂಬುದೇ ನನ್ನ ಮಾತು. ಆ ಹೆಚ್ಚಿನ ದುಡ್ಡಿಗೆ ಬರುವುದು ಉದ್ದಕ್ಕೆ ಸೀಳಿದ ದೊಡ್ಡ ಸಿಗಡಿ, ಫೋಟೋಕ್ಕೆ ಚೆಂದ. ಸಾರು ಮಾತ್ರ ಸಾಮಾನ್ಯವಾಗಿ ಎಲ್ಲ ಬಟ್ಟಲಿಗೂ ಒಂದೇ ಪಾತ್ರೆಯಿಂದ ಬೀಳುತ್ತದೆ, ಮತ್ತು ಈ ತಿಂಡಿ ನಿಂತಿರುವುದೇ ಸಾರಿನ ಮೇಲೆ. ತಲೆ ಮತ್ತು ಚಿಪ್ಪುಗಳನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಹುರಿಯಬೇಕು. ಹಸಿ ಸಿಗಡಿಯಲ್ಲಿ ಪ್ರೋಟೀನಿಗೆ ಅಂಟಿಕೊಂಡು ಬೂದಾಗಿ ಕಾಣುವ ಅಸ್ಟಾಕ್ಸಾಂಥಿನ್ ಎಂಬ ಬಣ್ಣ ಬಿಸಿ ತಾಗಿದೊಡನೆ ಬಿಡಿಸಿಕೊಂಡು ಕೆಂಪಾಗುತ್ತದೆ. ಅದು ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಹಾಗಾಗಿ ಸಾಲಿನಲ್ಲಿ ನಿಂತಾಗ ನಾನು ಸಿಗಡಿಯ ಗಾತ್ರ ನೋಡುವುದಿಲ್ಲ, ಮುಂದಿನವರ ಬಟ್ಟಲಿಗೆ ಇಣುಕುತ್ತೇನೆ (ಮರ್ಯಾದೆಯಲ್ಲ, ಗೊತ್ತು). ಸಾರಿನ ಮೇಲೆ ಸಾಸಿವೆ ಕಾಳಿನಷ್ಟು ಕಿತ್ತಳೆ ಬಣ್ಣದ ಎಣ್ಣೆಯ ಹನಿಗಳು ತೇಲುತ್ತಿದ್ದರೆ ಹುರಿದಿದ್ದಾರೆ ಎಂದು ಲೆಕ್ಕ. ಬರೀ ಕಂದು ಬಣ್ಣವಾದರೆ ಅದು ಸೋಯಾ ಸಾಸಿನ ಕೃಪೆ ಇರಬಹುದು. ಆಮೇಲೆ ಮೂಳೆಗಳೊಂದಿಗೆ ಗಂಟೆಗಟ್ಟಲೆ ಕುದಿ, ಬಿಳಿ ಮೆಣಸು, ಕಲ್ಲುಸಕ್ಕರೆ. ಸಕ್ಕರೆಯ ಸಿಹಿ ಮುಂದೆ ಬಂದು ಸಿಗಡಿ ಹಿಂದೆ ಉಳಿದರೆ ಆ ಅಂಗಡಿಗೆ ನಾನು ಮತ್ತೆ ಹೋಗುವುದಿಲ್ಲ.

ಆಂಟಿ ಕೇಳುವುದು ಇಷ್ಟೇ: ಸೂಪೋ ಡ್ರೈಯೋ, ಮೀಯೋ (ಹಳದಿ ಗೋಧಿ ನೂಡಲ್ಸ್) ಬೀಹೂನೋ (ಅಕ್ಕಿ ಶಾವಿಗೆ), ಖಾರ ಬೇಕೋ ಬೇಡವೋ, ಇಲ್ಲೇ ತಿನ್ನುವುದೋ ಕಟ್ಟಿಕೊಡುವುದೋ. ಮೊದಲ ಸಲಕ್ಕೆ ಡ್ರೈ ಹೇಳಿ. ನೂಡಲ್ಸನ್ನು ಮೆಣಸಿನಕಾಯಿ ಮಸಾಲೆ, ಹುರಿದ ಈರುಳ್ಳಿಯೊಂದಿಗೆ ಕಲಸಿ ಕೊಡುತ್ತಾರೆ, ಸಾರು ಚಿಕ್ಕ ಬಟ್ಟಲಿನಲ್ಲಿ ಬೇರೆಯಾಗಿ ಬರುತ್ತದೆ. ಹಳದಿ ಮೀಯಲ್ಲಿ ಕ್ಷಾರವಿರುತ್ತದೆ. ಅದು ಸಾರಿನಲ್ಲೇ ನೆನೆದರೆ ಸ್ವಲ್ಪ ಹೊತ್ತಿಗೆ ಸೋಪಿನಂಥ ವಾಸನೆ ಬಿಡುತ್ತದೆ. ಸೂಪೇ ಬೇಕೆಂದರೆ ಮೀ ಮತ್ತು ದಪ್ಪ ಬೀಹೂನ್ ಬೆರೆಸಿ ಹಾಕಲು ಹೇಳಿ. ಒಳ್ಳೆಯ ಅಂಗಡಿಯವರ ಕೈ ನೋಡಿ: ಮೀ, ಮೊಳಕೆ ಕಾಳು, ಕಾಂಗ್‌ಕೊಂಗ್ ಸೊಪ್ಪನ್ನು ತಂತಿ ಜರಡಿಯಲ್ಲಿ ಕುದಿನೀರಿಗೆ ಇಳಿಸಿ, ಒದರಿ, ಬಟ್ಟಲಿಗೆ ಹಾಕುತ್ತಾರೆ. ಮೇಲೆ ಸಾರು ಸುರಿದು ಅದನ್ನು ಪಾತ್ರೆಗೇ ಬಗ್ಗಿಸುತ್ತಾರೆ, ಮತ್ತೆ ಸುರಿಯುತ್ತಾರೆ. ಬಟ್ಟಲೂ ನೂಡಲ್ಸೂ ಬಿಸಿಯಾದ ಮೇಲೆಯೇ ಕೊನೆಯ ಸೌಟು.

ಆಂಗ್ ಮೋ ಕಿಯೊ ಕನ್ನಡತಿ:
ಹನ್ನೊಂದು ಗಂಟೆಯೊಳಗೆ ಹೋಗಿ, ಮಧ್ಯಾಹ್ನ ಎರಡರ ಹೊತ್ತಿಗೆ ಪಾತ್ರೆ ತೊಳೆಯುವ ಅಂಗಡಿಗಳೇ ಹೆಚ್ಚು. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಆ ಜಾಗ ಹೋಯಿತೆಂದೇ ತಿಳಿಯಿರಿ. ತಿಂದ ಮೇಲೆ ತಟ್ಟೆಯನ್ನು ನೀವೇ ಮರಳಿಸಬೇಕು. 2021ರ ಸೆಪ್ಟೆಂಬರ್ 1ರಿಂದ ಅದು ಕಡ್ಡಾಯ. ಮೊದಲ ಸಲ ಲಿಖಿತ ಎಚ್ಚರಿಕೆ, ಎರಡನೆಯ ಸಲ 300 ಡಾಲರ್ ದಂಡ. ನೀವಿಬ್ಬರೂ ಒಂದೇ ಮೇಜಿನಲ್ಲಿ ಬೇರೆ ಬೇರೆ ಅಂಗಡಿಯದನ್ನು ತಿನ್ನುವುದಾದರೆ ಒಂದು ಗಮನ: ಹಲಾಲ್ ತಟ್ಟೆಗಳಿಗೆ ಬೇರೆಯೇ ಕಪಾಟು ಇರುತ್ತದೆ. ಬಟ್ಟಲುಗಳನ್ನು ಒಂದರೊಳಗೊಂದು ಪೇರಿಸಬೇಡಿ.

ತಿಂಡಿಪೋತ:
ಬೆಡೋಕ್ ನಿವಾಸಿಯವರು ದೊಡ್ಡ ಸಿಗಡಿಯ ಮೇಲೆ ಇಷ್ಟು ಮುನಿಸಿಕೊಳ್ಳಬೇಕಿರಲಿಲ್ಲ. ಅದರ ತಲೆಯನ್ನು ಕಿತ್ತು ಹೀರಿದಾಗ ಸಿಗುವ ರುಚಿಗೆ ನಾನು 10 ಡಾಲರ್ ಸಂತೋಷವಾಗಿ ಕೊಡುತ್ತೇನೆ. ಚಿಕ್ಕವು ಬೆಂದು ರಬ್ಬರಾಗಿರುತ್ತವೆ.

ಬೆಡೋಕ್ ನಿವಾಸಿ:
ತಲೆ ಹೀರುವವರ ಜೊತೆ ನನಗೆ ಜಗಳವಿಲ್ಲ, ಅವರು ದುಡ್ಡಿಗೆ ತಕ್ಕದ್ದನ್ನು ಪಡೆಯುತ್ತಾರೆ. ತಲೆಯನ್ನು ಬಟ್ಟಲಿನಲ್ಲೇ ಬಿಟ್ಟು ಏಳುವವರಿಗೆ ನಾನು ಹೇಳಿದ್ದು. ರಬ್ಬರಿನ ಮಾತು ಒಪ್ಪುತ್ತೇನೆ, ಬೆಳಿಗ್ಗೆಯೇ ಬೇಯಿಸಿ ಸುಲಿದು ರಾಶಿ ಹಾಕುವ ಕಡೆ ಹಾಗಾಗುತ್ತದೆ. ಹಾಗೆಂದು 5 ಡಾಲರಿನದು 6 ಆದಾಗ ಗೊಣಗುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ಎಲ್ಲರೂ ಹೆಮ್ಮೆಪಟ್ಟರು, ಒಂದು ಡಾಲರ್ ಏರಿದರೆ ಮಾತ್ರ ಮುಖ ಗಂಟಿಕ್ಕುತ್ತಾರೆ.

ಟೋವಾ ಪಾಯೋ ಹೊಸಬ:
ಎಲ್ಲರಿಗೂ ಧನ್ಯವಾದ. ಶನಿವಾರ 6 ಡಾಲರಿನ ಡ್ರೈ ಹೇಳುತ್ತೇನೆ. ಪಕ್ಕದಲ್ಲಿ ಸೋಯಾ ಸಾಸಿನಲ್ಲಿ ನೆನೆಸಿದ ಕೆಂಪು ಮೆಣಸಿನಕಾಯಿ ಚೂರುಗಳನ್ನು ಕೊಡುತ್ತಾರಲ್ಲ, ಅದನ್ನು ಸಾರಿಗೆ ಸುರಿಯಬೇಕೇ?

ಬೆಡೋಕ್ ನಿವಾಸಿ:
ಬೇಡ. ಸಿಗಡಿಯನ್ನು ಅದರಲ್ಲಿ ಅದ್ದಿ ತಿನ್ನಿ. ಸಾರಿಗೆ ಏನಾದರೂ ಬೇಕೆನ್ನಿಸಿದರೆ ಅಂಗಡಿಯ ಮುಂದೆ ಒಣಮೆಣಸಿನ ಪುಡಿಯ ಡಬ್ಬಿ ಇರುತ್ತದೆ, ಚಿಟಿಕೆ ಹಾಕಿಕೊಳ್ಳಿ. ಅದಕ್ಕೆ ಮೊದಲು ಎರಡು ಚಮಚ ಸಾರನ್ನು ಹಾಗೆಯೇ ಕುಡಿದು ನೋಡಿ.