ಎಐ ಬರೆದ ಕೋಡ್ ಕೆಟ್ಟಾಗ ಸರಿಪಡಿಸಲು ಬರುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ:
ಬೆಂಗಳೂರಿನಲ್ಲಿ ಎರಡು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎಐ ನೆರವಿಲ್ಲದೆ ಕೋಡ್ ಬರೆದ ನೆನಪೇ ಇಲ್ಲ. ಕಳೆದ ತಿಂಗಳು ಗುರುತಿನ ಚೀಟಿಯಲ್ಲಿ ಕನ್ನಡ ಹೆಸರು ಮುದ್ರಿಸುವ ಭಾಗವನ್ನು ಅದರಿಂದಲೇ ಬರೆಸಿದೆ. ಹೆಸರು 10 ಅಕ್ಷರ ಮೀರಬಾರದೆಂಬ ನಿಯಮವಿತ್ತು. ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳೆಲ್ಲ ಪಾಸಾದವು, ಆದರೆ 'ವಿಜಯಲಕ್ಷ್ಮಿ' ಎಂಬ ಹೆಸರು 'ವಿಜಯಲಕ್ಷ್ಮ' ಎಂದು ಅಚ್ಚಾಯಿತು. ಐದೇ ಅಕ್ಷರದ ಹೆಸರು ಏಕೆ ತುಂಡಾಯಿತೆಂದು ತಿಳಿಯಲಿಲ್ಲ. ಕೇಳಿದಾಗಲೆಲ್ಲ ಎಐ ಮಿತಿಯನ್ನು 15ಕ್ಕೆ, 20ಕ್ಕೆ ಏರಿಸಿತೇ ಹೊರತು ಕಾರಣ ಹೇಳಲಿಲ್ಲ. ಈ ಸಾಧನಗಳನ್ನು ಬಿಟ್ಟುಬಿಡಬೇಕೇ?

ಉತ್ತರ 1:
ಕಣ್ಣಿಗೆ ಐದಾಗಿ ಕಾಣುವ ಆ ಹೆಸರು, ಕಂಪ್ಯೂಟರಿನಲ್ಲಿ ಅಕ್ಷರ-ಚಿಹ್ನೆಗಳಿಗೆ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ 11 ಸಂಕೇತಗಳ ಸಾಲು. 'ವಿ' ಎಂದರೆ ವ ಮತ್ತು ಗುಡಿಸು, ಎರಡು; ಜ, ಯ, ಲ ಮೂರು; 'ಕ್ಷ್ಮಿ' ಒಂದರಲ್ಲೇ ಕ, ಷ, ಮ, ಅವುಗಳ ನಡುವೆ ವ್ಯಂಜನಗಳನ್ನು ಒತ್ತಕ್ಷರವಾಗಿ ಕೂಡಿಸುವ ಎರಡು ಹಲಂತ ಚಿಹ್ನೆ, ಕೊನೆಗೊಂದು ಗುಡಿಸು, ಹೀಗೆ ಆರು. ನಿಮ್ಮ ಕೋಡ್ ಎಣಿಸಿದ್ದು ಈ ಸಂಕೇತಗಳನ್ನೇ; ಹತ್ತಕ್ಕೆ ಕತ್ತರಿಸಿದರೆ ಉದುರುವುದು ಆ ಕೊನೆಯ ಗುಡಿಸೇ. ಈ ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ, ಡೇಟಾಬೇಸಿನ ಮಿತಿ ಬೈಟ್ ಲೆಕ್ಕದಲ್ಲಿದ್ದರೆ ಅಲ್ಲಿಯೂ ಪೆಟ್ಟು ತಿನ್ನುತ್ತೀರಿ. ಬಹುಶಃ ನಿಮ್ಮ ಪರೀಕ್ಷೆಗಳಲ್ಲಿ ಇಂಗ್ಲಿಷ್ ಹೆಸರುಗಳು ಮಾತ್ರ ಇದ್ದವು. ಪ್ರೋಗ್ರಾಂ ಎಂಬುದು ಬರೆದ ಸಾಲುಗಳಿಗಿಂತ ಮಿಗಿಲಾಗಿ ಬರೆದವರ ತಲೆಯಲ್ಲಿ ಮೂಡಿದ ತಿಳಿವಳಿಕೆ ಎಂದು ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲಿಯೇ ವಾದಿಸಿದ್ದರು. ಸಾಧನವನ್ನು ಬಿಡಬೇಕಿಲ್ಲ, ಆದರೆ ಪರೀಕ್ಷೆಗಳನ್ನು ನೀವೇ ಬರೆಯಿರಿ; ಎಲ್ಲಿ ಮುರಿಯಬಹುದೆಂದು ಯೋಚಿಸುವಾಗಲೇ ಆ ತಿಳಿವಳಿಕೆ ಬರುತ್ತದೆ.

ಉತ್ತರ 2:
ಎಐಯಿಂದ ಕೆಲಸ ಬೇಗ ಮುಗಿಯುತ್ತದೆ ಎಂಬ ನಮ್ಮ ಅನಿಸಿಕೆಯನ್ನೂ ನಂಬುವಂತಿಲ್ಲ. ಎಐ ಸಾಮರ್ಥ್ಯವನ್ನು ಅಳೆಯುವ ಎಂಇಟಿಆರ್ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನುಭವಿಗಳಾದ 16 ಓಪನ್ ಸೋರ್ಸ್ (ಎಲ್ಲರಿಗೂ ತೆರೆದಿಟ್ಟ ಕೋಡ್) ಡೆವಲಪರ್‌ಗಳು 246 ಕೆಲಸಗಳನ್ನು ಮಾಡಿದರು. ಎಐ ಬಳಸಿದಾಗ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಆದರೂ ತಾವು ಶೇ. 20ರಷ್ಟು ವೇಗವಾಗಿ ಮುಗಿಸಿದೆವೆಂದೇ ಅವರು ನಂಬಿದ್ದರು. ಅವರು ತಮಗೆ ಚಿರಪರಿಚಿತವಾದ ದೊಡ್ಡ ಕೋಡ್‌ಗಳಲ್ಲಿ ಕೆಲಸ ಮಾಡುತ್ತಿದ್ದವರು, ಸಾಧನಗಳೂ ಆ ವರ್ಷದ ಆರಂಭದವು; ಹಾಗಾಗಿ ಆ ಅಂಕಿಯನ್ನು ಹೊಸಬರಿಗೆ ನೇರವಾಗಿ ಅನ್ವಯಿಸಲಾಗದು. ನನ್ನನ್ನು ಕಾಡುವುದು ಅನಿಸಿಕೆಗೂ ಗಡಿಯಾರಕ್ಕೂ ನಡುವಿನ ಆ ಅಂತರ.

ಉತ್ತರ 3:
ತಂಡ ನಡೆಸುವವನಾಗಿ ಹೇಳುತ್ತೇನೆ, ತಪ್ಪು ನಿಮ್ಮೊಬ್ಬರದಲ್ಲ. ಮೊದಲು ಹೊಸಬರಿಗೆಂದೇ ಎತ್ತಿಡುತ್ತಿದ್ದ ಸಣ್ಣಪುಟ್ಟ ತಿದ್ದುಪಡಿಗಳನ್ನು ಈಗ ನಾವೇ ಎಐಗೆ ಒಪ್ಪಿಸುತ್ತಿದ್ದೇವೆ. ನಾನು ಡೀಬಗ್ ಮಾಡಲು, ಅಂದರೆ ಕೋಡಿನ ದೋಷ ಹುಡುಕಿ ಸರಿಪಡಿಸಲು, ಕಲಿತದ್ದು ಅಂಥವುಗಳಿಂದಲೇ. ನಮ್ಮಲ್ಲಿ ಈಗೊಂದು ನಿಯಮವಿದೆ: ಕೋಡ್ ತಂದವರು ಅದರ ಪ್ರತಿ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಏಕೆ ಹಾಗಿದೆಯೆಂದು ಬಾಯಿಮಾತಿನಲ್ಲಿ ವಿವರಿಸಬೇಕು, ವಿವರಿಸಲಾಗದಿದ್ದರೆ ಅದನ್ನು ಸೇರಿಸುವುದಿಲ್ಲ. ಕೆಲಸ ನಿಧಾನವಾಗುತ್ತದೆ ನಿಜ, ಆದರೂ ನಾನು ಇದನ್ನು ಸಡಿಲಿಸಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಪರೀಕ್ಷೆಗೆಂದು 'ಸೂರ್ಯನಾರಾಯಣ' ಎಂಬ ಹೆಸರನ್ನು ತೆಗೆದುಕೊಂಡು ಹಾಳೆಯ ಮೇಲೆ ಬಿಡಿಸಿ ಎಣಿಸಿದೆ: ಅದೂ 11. ಹಳೆಯ ಕೋಡ್ ಅದನ್ನು 'ಸೂರ್ಯನಾರಾಯ' ಎಂದು ಕತ್ತರಿಸುತ್ತದೆ. ಈಗಾಗಲೇ ಅಚ್ಚಾದ ಚೀಟಿಗಳಲ್ಲಿ ಇಂಥ ಹೆಸರುಗಳು ಎಷ್ಟಿವೆಯೆಂದು ನಾಳೆ ಪಟ್ಟಿ ಮಾಡುತ್ತೇನೆ.