ತಮ್ಮನಿಗೆ ಜರ್ಮನಿಯಲ್ಲಿ ಆರು ತಿಂಗಳು: ಎರಡು ವಿಶ್ವವಿದ್ಯಾಲಯಗಳ ಹಳೇ ಒಪ್ಪಂದ ನಂಬಬಹುದಾ? ಅನುಭವ ಇದ್ದವರು ಹೇಳಿ

ಶಿರಾದ ಅಕ್ಕ
ನಮಸ್ಕಾರ. ನನ್ನ ತಮ್ಮ ಎಂಎಸ್ಸಿ ಅಗ್ರಿ, ಮಣ್ಣು ವಿಜ್ಞಾನ. ಅವನ ವಿಭಾಗಕ್ಕೂ ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೂ ಹದಿನೈದು ವರ್ಷದಿಂದ ಒಪ್ಪಂದ ಇದೆ. ಥೀಸಿಸ್ ಕೆಲಸಕ್ಕೆ ಆರು ತಿಂಗಳು ಕಳಿಸುತ್ತಾರಂತೆ. ಅಲ್ಲಿ ಫೀಸ್ ಇಲ್ಲ. ಸ್ಕಾಲರ್‌ಶಿಪ್ ಮಾತ್ರ ಖಾತ್ರಿ ಇಲ್ಲ. ಅಪ್ಪ ತೋಟದ ಮೇಲೆ ಸಾಲ ತೆಗೆಯಲು ತಯಾರಾಗಿದ್ದಾರೆ. ನನಗೆ ಭಯ. ಒಪ್ಪಂದ ಹಳೇದು ಅನ್ನುವುದರಿಂದ ಹುಡುಗನಿಗೆ ನಿಜವಾಗಿ ಏನಾದರೂ ಅನುಕೂಲ ಇದೆಯಾ?

ಕೋಲಾರದ ಹುಡುಗ
ಅಕ್ಕಾ, ನಾನು 2024ರ ಅಕ್ಟೋಬರ್‌ನಲ್ಲಿ ಹೀಗೇ ಹೋದವನು. ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಬ್ಲಾಕ್ಡ್ ಅಕೌಂಟ್‌ಗೆ, ಅಂದರೆ ಅಲ್ಲಿನ ಊಟ ಬಾಡಿಗೆ ಖರ್ಚನ್ನು ವೀಸಾಗಾಗಿ ಮೊದಲೇ ಕಟ್ಟಿಡುವ ಖಾತೆಗೆ, ತಿಂಗಳಿಗೆ 992 ಯೂರೋ, ಆರು ತಿಂಗಳಿಗೆ 5,952. ಆಗಿನ ರೇಟಿಗೆ ಸುಮಾರು ಐದೂವರೆ ಲಕ್ಷ. ಅದು ನಮ್ಮದೇ ದುಡ್ಡು, ತಿಂಗಳು ತಿಂಗಳು ವಾಪಸ್ ಬರುತ್ತದೆ. ಆದರೆ ಮೊದಲು ಒಟ್ಟಿಗೇ ಹಾಕಬೇಕಲ್ಲ. ಅಮ್ಮನ ಎರಡೆಳೆ ಸರ ಅಡ ಇಟ್ಟೆವು. ವೀಸಾ 75 ಯೂರೋ. ಟಿಕೆಟ್ 58 ಸಾವಿರ. ರೂಮಿನ ಡಿಪಾಸಿಟ್ 500 ಯೂರೋ, ಅದರಲ್ಲಿ ಗೋಡೆಗೆ ಮೊಳೆ ಹೊಡೆದೆ ಅಂತ 80 ಹಿಡಿದುಕೊಂಡರು. ಆ ಮೊಳೆ ನನಗಿಂತ ಮೊದಲೇ ಇತ್ತು. ಇನ್ಶೂರೆನ್ಸ್ ತಿಂಗಳಿಗೆ 120 ದಾಟಿತು. ಆಮೇಲೆ ಒಂದು ಕಾಗದ ಬಂತು, ರೇಡಿಯೋ ಟಿವಿ ವಂತಿಗೆ, ತಿಂಗಳಿಗೆ 18.36. ನನ್ನ ಹತ್ತಿರ ಟಿವಿಯೇ ಇರಲಿಲ್ಲ. ಇಲ್ಲದಿದ್ದರೂ ಕಟ್ಟಬೇಕಂತೆ. ಆರು ತಿಂಗಳಿಗೆ 110 ಯೂರೋ ಹೋಯಿತು.

ವೀಸಾ ಸ್ಲಾಟ್ ಸಿಗುವುದು ತಡವಾಗಿ ಮೂರು ವಾರ ತಡವಾಗಿ ತಲುಪಿದೆ. ಆದರೆ ನಿಜವಾದ ಏಟು ಬಿದ್ದದ್ದು ಇಲ್ಲಿಗೆ ಬಂದ ಮೇಲೆ. ಅಲ್ಲಿ 30 ಕ್ರೆಡಿಟ್, ಅಂದರೆ ಓದಿದ ವಿಷಯಗಳಿಗೆ ಕೊಡುವ ಅಂಕ, ಮುಗಿಸಿದ್ದೆ. ನಮ್ಮವರು 11 ಮಾತ್ರ ಒಪ್ಪಿದರು. ಒಪ್ಪಂದ ಮಾಡಿದ್ದ ಪ್ರೊಫೆಸರ್ ರಿಟೈರ್ ಆಗಿದ್ದರು. ಹೊಸ ಮುಖ್ಯಸ್ಥರು "ವಿಷಯದ ಹೆಸರು ಹೊಂದುವುದಿಲ್ಲ" ಅಂದರು. ಜೂನಿಯರ್‌ಗಳ ಜೊತೆ ಕೂತು ಎರಡು ಪೇಪರ್ ಬರೆದೆ. ಬೀಜದ ಕಂಪನಿ ಕೆಲಸಕ್ಕೆ ಆರಿಸಲು ಕ್ಯಾಂಪಸ್‌ಗೆ ಬಂದ ದಿನ ನನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಕಾಲೇಜು ಯಾವುದು ಅಂತ ಹೇಳುವುದಿಲ್ಲ. ಹದಿನೈದಲ್ಲ, ಐವತ್ತು ವರ್ಷ ಹಳೇದಾದರೂ ನಾನು ನಂಬುವುದಿಲ್ಲ.

ಹೊಲದ ಹುಡುಗಿ
ನನಗೆ ಆ ಆರು ತಿಂಗಳೇ ಜೀವನ ಬದಲಿಸಿತು, ಅದನ್ನೂ ಕೇಳಿ. ನಾನು ಇಳಿದದ್ದು ರಾತ್ರಿ ಹನ್ನೊಂದಕ್ಕೆ. ಸ್ಟೇಷನ್‌ನಲ್ಲಿ ಅಲ್ಲಿನ ಪಿಎಚ್‌ಡಿ ಹುಡುಗಿ ಕಾಯುತ್ತಿದ್ದಳು. ಯಾಕೆ ಗೊತ್ತಾ? ಅವಳು ಎರಡು ವರ್ಷ ಮೊದಲು ನಮ್ಮ ಹಾಸ್ಟೆಲ್‌ನಲ್ಲಿ ಇದ್ದು ಹೋದವಳು. ಮುದ್ದೆ ನುಂಗಲು ನಾವೇ ಕಲಿಸಿದ್ದೆವು. ರೂಮು ಮೊದಲೇ ಕಾದಿರಿಸಿದ್ದರು. ಬೇರೆ ದೇಶದ ಹುಡುಗರು ಎರಡು ತಿಂಗಳು ರೂಮಿಗೆ ಅಲೆಯುತ್ತಿದ್ದರು. ಲ್ಯಾಬಿನ ಮೆಷಿನ್ ಮುಟ್ಟಲು ಎರಡನೇ ದಿನವೇ ಬಿಟ್ಟರು. "ನಿಮ್ಮ ಗೈಡ್ ನನಗೆ ಗೊತ್ತು" ಅಂದರು ಅಲ್ಲಿನ ಪ್ರೊಫೆಸರ್, ಅಷ್ಟೇ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನನ್ನದು ಅವರೆಯ ಕೆಲಸ. ಬೀಜ, ಗಿಡದ ಸ್ಯಾಂಪಲ್ ಹೊರದೇಶಕ್ಕೆ ಸುಮ್ನೆ ಬ್ಯಾಗಲ್ಲಿ ಹಾಕಿಕೊಂಡು ಹೋಗಲು ಆಗುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಇದೆ. ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಗೆ ಕಾಯುತ್ತಾ ಕೂತರೆ ಎಂಎಸ್ಸಿ ಮುಗಿದೇ ಹೋಗುತ್ತದೆ. ಕೇಂದ್ರ ಸರ್ಕಾರ ಒಪ್ಪಿದ ಸಹಯೋಗದ ಯೋಜನೆ ಇದ್ದರೆ ಅದೇ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ದಾರಿ ಇದೆ. ನಮ್ಮದು ಹಾಗಿತ್ತು, ಪೇಪರ್ ಎಲ್ಲಾ ಮೊದಲೇ ತಯಾರಿತ್ತು. ಮಣ್ಣಿಗೂ ಅಷ್ಟೇ. ಯೂರೋಪಿಗೆ ಹೊರಗಿನ ಮಣ್ಣು ತರಲು ಅಲ್ಲಿನ ಲ್ಯಾಬ್ ಮೊದಲು ಪರವಾನಗಿ ತೆಗೆಯಬೇಕು. ಕೋಲಾರದವರು ಮೂರು ವಾರ ತಡವಾಗಿ ಹೋದದ್ದು, ಕ್ರೆಡಿಟ್ ಪಟ್ಟಿಗೆ ಇಲ್ಲಿ ಸಹಿ ಹಾಕಿಸಿಕೊಳ್ಳದೆ ಹೋದದ್ದು ಅವರದೇ ತಪ್ಪು. ಒಪ್ಪಂದವನ್ನು ಯಾಕೆ ಬೈಯಬೇಕು?

ಕೋಲಾರದ ಹುಡುಗ
ಸಹಿ ಹಾಕಿಸಿದ್ದೆ ಮೇಡಂ. ಗೈಡ್ ಸಹಿ ಇತ್ತು. ಡೀನ್ ಸಹಿಯೂ ಬೇಕು ಅಂತ ಯಾರೂ ಹೇಳಲಿಲ್ಲ. ನಿಮ್ಮನ್ನು ಕರೆದುಕೊಳ್ಳಲು ಸ್ಟೇಷನ್‌ಗೆ ಜನ ಬಂದರು. ನಾನು ಮೈನಸ್ ಎರಡು ಡಿಗ್ರಿಯಲ್ಲಿ ಬಸ್ ಸ್ಟಾಪಲ್ಲಿ ಕೂತಿದ್ದೆ. ತಪ್ಪು ಯಾರದು ಅಂತ ನೀವು ತೀರ್ಪು ಕೊಡಬೇಡಿ.

ಹೆಬ್ಬಾಳದ ಮೇಷ್ಟ್ರು
ನಾನು 1967ರಲ್ಲಿ ಹೆಬ್ಬಾಳದಲ್ಲಿ ಬಿಎಸ್ಸಿ ಸೇರಿದವನು, ಆಮೇಲೆ ಅಲ್ಲೇ ಪಾಠ ಮಾಡಿದವನು. ಇಂಥ ಸಂಬಂಧದ ಬೆಲೆ ನನಗೆ ಗೊತ್ತು. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದಾಗ ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯ ಜೊತೆಗೆ ನಿಂತಿತ್ತು. ಪಂತ್‌ನಗರಕ್ಕೆ ಇಲಿನಾಯ್, ಲೂಧಿಯಾನಕ್ಕೆ ಒಹಾಯೊ ಸ್ಟೇಟ್, ನಮಗೆ ಟೆನ್ನೆಸ್ಸೀ. ಪಾಠ, ಸಂಶೋಧನೆ, ರೈತರ ಹತ್ತಿರ ಹೋಗುವುದು, ಈ ಮೂರೂ ಒಂದೇ ಸೂರಿನಡಿ ಇರಬೇಕು ಅನ್ನುವ ಪದ್ಧತಿಯನ್ನು ಅವರ ಮಾದರಿಯಿಂದ ತಂದೆವು. ಗಮ್ ಬೂಟು ಹಾಕಿಕೊಂಡು ಕೆಸರಿಗೆ ಇಳಿದ ಪ್ರೊಫೆಸರನ್ನು ನಾನು ಮೊದಲು ನೋಡಿದ್ದು ಆಗಲೇ. ನಮ್ಮ ಮೇಷ್ಟ್ರುಗಳು ಟೆನ್ನೆಸ್ಸೀ ವಿಶ್ವವಿದ್ಯಾಲಯ ಇರುವ ನಾಕ್ಸ್‌ವಿಲ್‌ಗೆ ಹೋಗಿ ಓದಿ ಬಂದರು. ಬಂದವರು ನಮಗೆ ಕಲಿಸಿದರು. ನಾನು ಒಂದು ದಿನವೂ ವಿಮಾನ ಹತ್ತಲಿಲ್ಲ. ಆದರೂ ನನಗೆ ಅದರ ಪಾಲು ಸಿಕ್ಕಿತು. ಒಬ್ಬ ಹುಡುಗನ ಆರು ತಿಂಗಳ ಖರ್ಚು ಮಾತ್ರ ನೋಡಿದರೆ ಇದು ಕಾಣುವುದಿಲ್ಲ.

ಮಂಡ್ಯದ ಹೈದ
ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಅದು ಸಹಯೋಗ ಅಲ್ಲ, ನೆರವು. ಅವರು ಕೊಟ್ಟರು, ನಾವು ತೆಗೆದುಕೊಂಡೆವು. ಅದೇ ಕಾಲಕ್ಕೆ ಪಿಎಲ್ 480 ಅನ್ನುವ ಆಹಾರ ನೆರವಿನ ಕಾಯ್ದೆಯಲ್ಲಿ ಅಮೆರಿಕದ ಗೋಧಿಯೂ ಹಡಗಲ್ಲಿ ಬರುತ್ತಿತ್ತು ಅಲ್ವಾ? ನಮ್ಮ ಹೊಟ್ಟೆ ತುಂಬಿಸಿದ್ದು ರಾಗಿ ಲಕ್ಷ್ಮಣಯ್ಯನವರು. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು ಇಂಡಾಫ್ ರಾಗಿ ತಳಿ ಮಾಡಿದರು. ನಮ್ಮ ತಾತ ಅದನ್ನೇ ಬಿತ್ತಿದರು. ತೆನೆಯ ದಪ್ಪ ನೋಡಿ ಪಕ್ಕದ ಹೊಲದವರು ಬೀಜ ಕೇಳಿಕೊಂಡು ಬಂದರು ಅಂತ ಕೊನೇವರೆಗೂ ಹೇಳುತ್ತಿದ್ದರು. ಅದನ್ನು ಟೆನ್ನೆಸ್ಸೀ ಕಲಿಸಿಕೊಡಲಿಲ್ಲ.

ಹೆಬ್ಬಾಳದ ಮೇಷ್ಟ್ರು
ಲಕ್ಷ್ಮಣಯ್ಯನವರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬೇಡಿ. ನಿಮಗಿಂತ ಜಾಸ್ತಿ ಗೌರವ ನನಗಿದೆ. ವಿ.ಸಿ. ಫಾರಂ ಅದೇ ವಿಶ್ವವಿದ್ಯಾಲಯದ ಕೆಳಗೆ ಬಂದದ್ದು. ಇಂಡಾಫ್ ಅಂದರೆ ಏನು ಹೇಳಿ? ಇಂಡಿಯಾ ಮತ್ತು ಆಫ್ರಿಕಾ. ಆಫ್ರಿಕಾದ ರಾಗಿ ಬಾರದಿದ್ದರೆ ನಿಮ್ಮ ತಾತನ ಹೊಲಕ್ಕೆ ಆ ತೆನೆ ಎಲ್ಲಿಂದ ಬರುತ್ತಿತ್ತು?

ಮಂಡ್ಯದ ಹೈದ
ಬೀಜ ಆಫ್ರಿಕಾದ್ದು, ಬುದ್ಧಿ ಮಂಡ್ಯದ್ದು. ಅಷ್ಟೇ ನಾನು ಹೇಳಿದ್ದು. ಅದನ್ನು ಅಮೆರಿಕದ ಲೆಕ್ಕಕ್ಕೆ ಬರೆಯಬೇಡಿ.

ಸ್ಟುಟ್‌ಗಾರ್ಟ್ ಕನ್ನಡತಿ
ರಾಗಿ ಜಗಳ ಆಮೇಲೆ ಮಾಡಿ. ನಾನು ಯಾವ ಒಪ್ಪಂದವೂ ಇಲ್ಲದೆ ಸ್ವಂತವಾಗಿ ಬಂದವಳು. ನಮ್ಮ ಅಂಕಪಟ್ಟಿ ಅಸಲಿ ಅಂತ ಜರ್ಮನಿಯವರು ಪರೀಕ್ಷಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್‌ಗೆ 18,000 ರೂಪಾಯಿ ಕಟ್ಟಿದೆ. ಈ ರಾಜ್ಯದಲ್ಲಿ, ಅಂದರೆ ಬಾಡೆನ್ ವ್ಯೂರ್ಟೆಂಬರ್ಗ್‌ನಲ್ಲಿ, ಯೂರೋಪಿನ ಹೊರಗಿನವರು 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಕೊಡಬೇಕು. ನಾಲ್ಕು ಸೆಮಿಸ್ಟರ್, 6,000 ಯೂರೋ. ಅದೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂತ ಪುಣೆಯ ಹುಡುಗ ವಿಶ್ವವಿದ್ಯಾಲಯಗಳ ಒಪ್ಪಂದದಲ್ಲಿ ಒಂದು ಸೆಮಿಸ್ಟರ್‌ಗೆ ಬಂದಿದ್ದ. ಅವನಿಗೆ ಆ 1,500 ಇಲ್ಲವೇ ಇಲ್ಲ. ಒಂದೇ ಪಾಠ, ಒಂದೇ ಬೆಂಚು. ಅವತ್ತು ರೂಮಿಗೆ ಬಂದು ಅತ್ತಿದ್ದೇನೆ. ನಾನು ಬೆಳಗ್ಗೆ ನಾಲ್ಕಕ್ಕೆ ಎದ್ದು ಬೇಕರಿಯಲ್ಲಿ ಟ್ರೇ ತೊಳೆದು ಆ ದುಡ್ಡು ಕಟ್ಟಿದವಳು. ಫೀಸ್ ಇಲ್ಲ ಅನ್ನುವುದನ್ನು ಹಗುರವಾಗಿ ಹೇಳಬೇಡಿ ಅಕ್ಕ.

ಕೋಲಾರದ ಹುಡುಗ
ನೀವು ಡಿಗ್ರಿ ತೆಗೆದುಕೊಂಡಿರಿ, ಈಗ ಕೆಲಸದಲ್ಲೂ ಇರಬೇಕು. ನನ್ನ ಕೈಯಲ್ಲಿ ಒಂದು ಸರ್ಟಿಫಿಕೇಟ್ ಮಾತ್ರ ಇದೆ. ಸರ ಬಿಡಿಸಲು ಹದಿನಾಲ್ಕು ತಿಂಗಳು ಬೇಕಾಯಿತು.

ಸ್ಟುಟ್‌ಗಾರ್ಟ್ ಕನ್ನಡತಿ
ನನ್ನ ಸಾಲ ಇನ್ನೂ ತೀರಿಲ್ಲ. ಯಾರ ನೋವು ದೊಡ್ಡದು ಅಂತ ಅಳೆಯಲು ನಾನು ಬಂದಿಲ್ಲ.

ಫೈಲು ನೋಡುವವನು
ನಾನು ಒಂದು ವಿಶ್ವವಿದ್ಯಾಲಯದಲ್ಲಿ ಇಂಥ ಒಪ್ಪಂದಗಳ ಫೈಲು ನೋಡುತ್ತೇನೆ. ನಮ್ಮ ಕಪಾಟಿನಲ್ಲಿ ಅರವತ್ತು ಇವೆ. ಉಸಿರಾಡುತ್ತಿರುವುದು ಏಳೋ ಎಂಟೋ. ಉಳಿದವು ಶಾಲು ಹೊದಿಸಿ ಫೋಟೋ ತೆಗೆಸಿದ ದಿನವೇ ನಿಂತವು. ಹೇಳಲು ನನಗೇ ಸಂಕಟ. ವರ್ಷ ಎಣಿಸಬೇಡಿ ಅಕ್ಕ, ಅಲ್ಲಿಂದ ಇಲ್ಲಿಗೆ ಎಷ್ಟು ಜನ ಬಂದಿದ್ದಾರೆ ಅಂತ ಕೇಳಿ. ಜೊತೆಗೆ ನಡೆಯುತ್ತಿರುವ ಯೋಜನೆ ಇದೆಯಾ ಅಂತ ಕೇಳಿ. ಜರ್ಮನಿಯ ಗ್ಯೋಟಿಂಗೆನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯದವರು 2016ರಿಂದ ಬೆಂಗಳೂರಿನ ಅಂಚಿನ ಹಳ್ಳಿಗಳ ಮೇಲೆ ನಮ್ಮವರ ಜೊತೆ ಕೆಲಸ ಮಾಡಿದರಲ್ಲ, ಊರಿನ ಉತ್ತರಕ್ಕೊಂದು ದಕ್ಷಿಣಕ್ಕೊಂದು ಉದ್ದ ಪಟ್ಟಿಯಂಥ ಜಾಗ ಹಿಡಿದು. ರಾಗಿ, ಅವರೆ, ಮುಸುಕಿನ ಜೋಳ, ಹಸು, ಕೆರೆ ಎಲ್ಲಾ ನೋಡಿದರು. ಅಲ್ಲಿನವರಿಗೆ ನಮ್ಮ ಹೊಲ ಬೇಕಿತ್ತು, ಇಲ್ಲಿನವರಿಗೂ ಕೆಲಸ ಇತ್ತು. ಮಂಡ್ಯದವರೇ, ಇದನ್ನು ನೆರವು ಅನ್ನಲು ಆಗುವುದಿಲ್ಲ. ಮಣ್ಣು ಇಲ್ಲಿನದು, ಪ್ರಶ್ನೆ ಇಬ್ಬರದೂ.

ಕೋಲಾರದ ತಮ್ಮನಿಗೆ ಆದದ್ದು ಅನ್ಯಾಯವೇ. ಸಹಿ ಯಾರದ್ದು ಬೇಕು ಅಂತ ಮೊದಲೇ ಹೇಳುವುದು ನಮ್ಮಂಥವರ ಕೆಲಸ. ಅದನ್ನು ಹುಡುಗನ ತಲೆಗೆ ಕಟ್ಟಬಾರದು.

ಹೊಲದ ಹುಡುಗಿ
ಡೀನ್ ಸಹಿಯ ವಿಷಯ ನನಗೂ ಗೊತ್ತಿರಲಿಲ್ಲ. ನಮ್ಮ ಗೈಡ್ ಮಾಡಿಸಿ ಇಟ್ಟಿದ್ದರು. ಕೋಲಾರದವರೇ, ನಿಮ್ಮದೇ ತಪ್ಪು ಅಂದಿದ್ದಕ್ಕೆ ಕ್ಷಮಿಸಿ.

ಶಿರಾದ ಅಕ್ಕ
ಎಲ್ಲರಿಗೂ ಥ್ಯಾಂಕ್ಸ್. ತಮ್ಮನನ್ನು ಕೂರಿಸಿಕೊಂಡು ಎಲ್ಲಾ ಓದಿದೆ. ಹೋದ ವರ್ಷ ಅಲ್ಲಿಂದ ಇಬ್ಬರು ಬಂದಿದ್ದರಂತೆ. ಒಬ್ಬ ನಮ್ಮ ಕಡೆಯ ತೋಟಗಳಲ್ಲೇ ಮಣ್ಣು ತೆಗೆದ. ನಮ್ಮ ಮನೆಯಲ್ಲೂ ಊಟ ಮಾಡಿ ಹೋಗಿದ್ದ. ಅವನು ಅದೇ ಲ್ಯಾಬಿನವನು ಅಂತ ನನಗೆ ಇವತ್ತೇ ಗೊತ್ತಾಯಿತು! ಪರವಾನಗಿ, ಯೋಜನೆಯ ಪೇಪರ್ ಬಗ್ಗೆ ಸೋಮವಾರ ಗೈಡ್ ಹತ್ತಿರ ಕೇಳುತ್ತಾನೆ. ಕ್ರೆಡಿಟ್ ಪಟ್ಟಿಗೆ ಗೈಡ್, ಮುಖ್ಯಸ್ಥರು, ಡೀನ್, ಮೂವರ ಸಹಿಯೂ ಆದ ಮೇಲೆ ಅಪ್ಪ ಬ್ಯಾಂಕಿಗೆ ಹೋಗುತ್ತಾರೆ.

ಕೋಲಾರದ ಹುಡುಗ
ಸಹಿಯ ಜೊತೆ ಸೀಲು ಹಾಕಿಸಿ ಅಕ್ಕ. ತಾರೀಖು ಬರೆಸಿ. ಅಲ್ಲಿನ ವಿಷಯದ ಹೆಸರಿನ ಎದುರಿಗೇ ಇಲ್ಲಿನ ವಿಷಯದ ಕೋಡ್ ಇರಲಿ. ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ರೂಮಿಗೆ ಹೋದ ದಿನವೇ ಗೋಡೆಯ ಫೋಟೋ ತೆಗೆಯಲು ಹೇಳಿ.